ಐದು ಲಕ್ಷದ ಕಾರ್ಡಿನಲ್ಲಿ ಚಾಳೀಸಿಗೆ ಜಾಗವಿಲ್ಲ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಕೈಮಗ್ಗದ ಸದ್ದನ್ನು ಪವರ್‌ಲೂಮ್ ನುಂಗುತ್ತಿದ್ದ ಕಾಲಕ್ಕೆ, 2005-06ರಲ್ಲಿ, ಕೇಂದ್ರ ಜವಳಿ ಸಚಿವಾಲಯ ಕೈಮಗ್ಗ ನೇಕಾರರಿಗೊಂದು ಆರೋಗ್ಯ ವಿಮೆ ತಂದಿತು. ಐಸಿಐಸಿಐ ಲೊಂಬಾರ್ಡ್ ಮೂಲಕ ನಡೆದ ಆ ಯೋಜನೆಯಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಸೇರಿ ವರ್ಷಕ್ಕೆ 15,000 ರೂಪಾಯಿ. ಈಗ ಕೇಳಿದರೆ ನಗು ಬರುವ ಮೊತ್ತ. ಆದರೆ ಅದರ ಪಟ್ಟಿಯಲ್ಲಿ ಕಣ್ಣಿನ ಚಿಕಿತ್ಸೆಗೆ 75 ರೂಪಾಯಿ, ಚಷ್ಮಾಕ್ಕೆ 250 ರೂಪಾಯಿ ಎಂದು ಬೇರೆಯಾಗಿಯೇ ಬರೆದಿತ್ತು. ದಾಖಲಾಗದೆ, ಡಾಕ್ಟರಿಗೆ ತೋರಿಸಿಕೊಂಡು ಬರುವ ಖರ್ಚಿಗೂ 7,500 ರೂಪಾಯಿ ಇತ್ತು. ಇಂದು ಬಿಪಿಎಲ್ ಕುಟುಂಬದ ಕೈಯಲ್ಲಿರುವ ಆಯುಷ್ಮಾನ್ ಕಾರ್ಡಿನ ಬೆಲೆ ವರ್ಷಕ್ಕೆ 5 ಲಕ್ಷ ರೂಪಾಯಿ. ಅದರಲ್ಲಿ ಒಂದು ಚಾಳೀಸು ಬರುವುದಿಲ್ಲ. ವಿಮೆಯ ಮೊತ್ತ ಏರಿದಂತೆಲ್ಲ ಕಣ್ಣಿನ ರೋಗಿಗೆ ನಿತ್ಯ ಬೇಕಾದದ್ದು ಪಟ್ಟಿಯಿಂದ ಜಾರುತ್ತ ಹೋಯಿತು ಎಂಬುದು ನನ್ನ ವಾದ.

ಆ ಜಾರುವಿಕೆ ಒಂದೇ ಏಟಿಗೆ ಆದದ್ದಲ್ಲ. 2014ರಲ್ಲಿ ನೇಕಾರರ ವಿಮೆಯನ್ನು ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಗೆ ಸೇರಿಸಿದರು. ಹೆಬ್ಬೆಟ್ಟು ಒತ್ತಿ ಪಡೆಯುವ ಸ್ಮಾರ್ಟ್ ಕಾರ್ಡು ಬಂತು, ದಾಖಲಾದರೆ 30,000 ರೂಪಾಯಿ ಎಂದಾಯಿತು. ಜಮಖಂಡಿ, ಮುಧೋಳದ ಕಬ್ಬಿನ ಸೀಮೆಯಲ್ಲಿ ಕಥೆ ಬೇರೆ. ಅಲ್ಲಿಯ ರೈತರು 2003ರಿಂದ ಯಶಸ್ವಿನಿ ಆರೋಗ್ಯ ಯೋಜನೆಯ ನೆರಳಿನಲ್ಲಿದ್ದರು. ಮೊದಲ ವರ್ಷ ತಲೆಗೆ 60 ರೂಪಾಯಿ ತುಂಬಿದರೆ ಸಾಕಿತ್ತು. ಕಣ್ಣಿನದೂ ಸೇರಿ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ಆಗುತ್ತಿದ್ದವು. ಸಹಕಾರ ಸಂಘದ ಸದಸ್ಯನಾಗಿದ್ದರಾಯಿತು, ರೇಷನ್ ಕಾರ್ಡು ಯಾವ ಬಣ್ಣದ್ದೆಂದು ಯಾರೂ ಕೇಳುತ್ತಿರಲಿಲ್ಲ. 2018ರಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಬಂತು, ಯಶಸ್ವಿನಿ ನಿಂತಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತವೂ ಬಂದು ಎರಡೂ ಒಂದಾದವು. ಬಿಪಿಎಲ್‌ನವರಿಗೆ ಪೂರ್ತಿ ಉಚಿತ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರದ್ದು. ನಾಲ್ಕು ಎಕರೆ ಕಬ್ಬು ಇದೆ ಎಂಬ ಕಾರಣಕ್ಕೆ ಎಪಿಎಲ್ ಆದವರು, ಬಿಲ್ಲಿಗಾಗಿ ಫ್ಯಾಕ್ಟರಿಯ ದಾರಿ ಕಾಯುವವರು, ನಿನ್ನೆಯವರೆಗೆ ನಗದಿಲ್ಲದೆ ಆಗುತ್ತಿದ್ದ ಚಿಕಿತ್ಸೆಗೆ ಶೇ 70ರಷ್ಟು ಕೈಯಿಂದ ಹಾಕಬೇಕಾಯಿತು. ಯಶಸ್ವಿನಿ ಮತ್ತೆ ಶುರುವಾದದ್ದು 2023ರ ಜನವರಿಯಲ್ಲಿ. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದ ರಕ್ಷಣೆ. ನಡುವೆ ಕಳೆದ ನಾಲ್ಕೂವರೆ ವರ್ಷ ಮೋತಿಬಿಂದು ಬಲಿಯದೆ ಕಾದಿರಲಿಲ್ಲ.

ಈ ಎಲ್ಲ ಯೋಜನೆಗಳ ಕಣ್ಣು ಆಸ್ಪತ್ರೆಯ ಮಂಚದ ಮೇಲೆ. ಕಣ್ಣಿನ ಕಾಯಿಲೆ ಬಹುಪಾಲು ಇರುವುದು ಡಾಕ್ಟರ ಮುಂದಿನ ಸ್ಟೂಲಿನ ಮೇಲೆ, ಔಷಧ ಅಂಗಡಿಯ ಕೌಂಟರಿನಲ್ಲಿ. ಹಾಸಿನ ನೂರಾರು ಎಳೆಗಳಲ್ಲಿ ತುಂಡಾದ ಒಂದನ್ನು ಹುಡುಕಿ ಗಂಟು ಹಾಕುವ ನೇಕಾರನಿಗೆ ನಲವತ್ತು ದಾಟುತ್ತಿದ್ದಂತೆ ಎಳೆ ಮಂಜಾಗಿ ಕಾಣತೊಡಗುತ್ತದೆ. ಗಂಟು ತಪ್ಪಿದರೆ ಸೀರೆಯಲ್ಲಿ ದೋಷ, ದೋಷಕ್ಕೆ ಕೂಲಿ ಕಡಿತ. ಕಬ್ಬಿನ ಎಲೆಯ ಅಂಚು ಕಣ್ಣಿಗೆ ಗೀರಿದರೆ ಕರಿಗುಡ್ಡೆಯ ಮೇಲೆ ಹುಣ್ಣಾಗಿ ಶಿಲೀಂಧ್ರ ಕೂರುತ್ತದೆ; ಮೊದಮೊದಲು ಗಂಟೆಗೊಮ್ಮೆ, ಆಮೇಲೆ ವಾರಗಟ್ಟಲೆ ಹನಿ ಹಾಕಬೇಕು. ಕಟಾವಿನ ಗ್ಯಾಂಗಿನವರು ಮರುದಿನ ಕೆಲಸ ಬಿಟ್ಟು ಕೂಡುವವರಲ್ಲ. ಗ್ಲುಕೋಮಾಕ್ಕಂತೂ ಹನಿ ಜೀವನಪೂರ್ತಿ, ಬಿಟ್ಟರೆ ಹೋದ ದೃಷ್ಟಿ ಮರಳುವುದಿಲ್ಲ. ಆಯುಷ್ಮಾನ್ ಕಾರ್ಡು ದಾಖಲಾತಿಗೆ ಮೂರು ದಿನ ಹಿಂದಿನ, ಬಿಡುಗಡೆಯಾದ ಹದಿನೈದು ದಿನ ಮುಂದಿನ ಖರ್ಚನ್ನು ಕೊಡುತ್ತದೆ. ದಾಖಲಾತಿಯೇ ಇಲ್ಲದ ಕಾಯಿಲೆಗೆ ಆ ಲೆಕ್ಕ ಹಿಡಿಯುವುದು ಎಲ್ಲಿಂದ?

ದೇಶದಲ್ಲಿ ಐವತ್ತು ದಾಟಿದವರ ಕುರುಡುತನಕ್ಕೆ ಮುಖ್ಯ ಕಾರಣ ಕಣ್ಣಿನ ಪೊರೆ, ಅದಕ್ಕೆ ಶಸ್ತ್ರಚಿಕಿತ್ಸೆಯೇ ಮದ್ದು, ಹಾಗಿರುವಾಗ ಹಣ ಅಲ್ಲಿಗೇ ಹೋಗಲಿ ಎನ್ನುವವರ ಮಾತಿನಲ್ಲಿ ತೂಕವಿದೆ. 2015-19ರ ರಾಷ್ಟ್ರೀಯ ಸಮೀಕ್ಷೆ ಪೊರೆಯ ಪಾಲನ್ನು ಶೇ 66.2 ಎಂದು ಲೆಕ್ಕ ಹಾಕಿದೆ. ಬೀಳಗಿಯ ಹಿನ್ನೀರಿನ ಹಳ್ಳಿಯ ಅಜ್ಜಿಗೆ ಪುಕ್ಕಟೆ ಪೊರೆ ತೆಗೆದದ್ದು ಸಣ್ಣ ಮಾತಲ್ಲ. ಆದರೆ ಪೊರೆ ಹೆಚ್ಚಾಗಿ ಮುಪ್ಪಿನದು. ಚಾಳೀಸು ದುಡಿಯುವ ವಯಸ್ಸಿನದು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೂಲಿಕಾರರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಮೀಪದ ಚಷ್ಮಾ ಸಿಕ್ಕವರ ದುಡಿತದ ಏರಿಕೆ ಸಿಗದವರಿಗಿಂತ ಸುಮಾರು ಶೇ 22ರಷ್ಟು ಹೆಚ್ಚಿತ್ತು. ಎಲೆ ಕೀಳುವವರಿಗೇ ಇಷ್ಟಾದರೆ ಎಳೆ ಹಿಡಿಯುವವರಿಗೆ ಎಷ್ಟಾದೀತು!

ವಿಮೆಯ ಶಾಸ್ತ್ರ ಬಲ್ಲವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಿಮೆ ಇರುವುದು ಅನಿರೀಕ್ಷಿತ ದೊಡ್ಡ ಖರ್ಚಿಗೆ. ನಲವತ್ತಕ್ಕೆ ಎಲ್ಲರಿಗೂ ಬರುವ ಚಾಳೀಸು ಅನಿರೀಕ್ಷಿತವಲ್ಲ. ಸಣ್ಣ ಸಣ್ಣ ಬಿಲ್ಲುಗಳಿಗೆ ದುಡ್ಡು ಕೊಡಲು ಹೊರಟರೆ ಸುಳ್ಳು ಬಿಲ್ಲುಗಳ ಸುಗ್ಗಿ. ಒಪ್ಪಿದೆ. ಹಳೆಯ ಯೋಜನೆಯನ್ನು ಹೊಗಳುವುದೂ ನನ್ನ ಉದ್ದೇಶವಲ್ಲ; ಅದು ಕೈಮಗ್ಗದವರಿಗೆ ಮಾತ್ರ, ಪಕ್ಕದ ಮನೆಯ ಪವರ್‌ಲೂಮ್ ಕೂಲಿಗೆ ಇರಲಿಲ್ಲ. ಆದರೆ ವಿಮೆ ಬೇಡವಾದರೆ ಬೇರೆ ಯಾವುದಾದರೂ ಅದನ್ನು ಹೊರಬೇಕಲ್ಲ? 1976ರಿಂದ ನಡೆದಿರುವ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶಾಲೆಯ ಮಕ್ಕಳಿಗೂ ವಯಸ್ಸಾದವರಿಗೂ ಉಚಿತ ಚಷ್ಮಾ ಕೊಡುತ್ತದೆ. ನಡುವಿನ ನಲವತ್ತೈದರ ನೇಕಾರ ಮಗುವೂ ಅಲ್ಲ, ಮುದುಕನೂ ಅಲ್ಲ.

ಕಾರ್ಡು ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ತರಬೇಕಾದ ರೆಫರಲ್ ಚೀಟಿಯ ಬಗ್ಗೆ ನನ್ನದು ಜನರಷ್ಟು ಕಟು ನಿಲುವಲ್ಲ. ಮಿರಜಿನಲ್ಲಿ 1894ರಲ್ಲಿ ಮಿಷನ್ ಆಸ್ಪತ್ರೆ ಆದಾಗಿನಿಂದ ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆಯೆಂದರೆ ಕುಡಚಿಗೆ ಬಸ್ಸು, ಅಲ್ಲಿಂದ ರೈಲು. ಅಂಥವರಿಗೆ ಈಗ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಎಂದರೆ ಸಿಟ್ಟು ಬರುತ್ತದೆ. ಸರಳ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ ಎಂಬ ನಿಯಮ ತಪ್ಪಲ್ಲ, ಆದರೆ ಹೋದವನಿಗೆ ಅಲ್ಲಿ ಚೀಟಿಯಷ್ಟೇ ಸಿಗಬಾರದು. ಜಮಖಂಡಿ, ಮುಧೋಳ, ಬೀಳಗಿಯ ಆಸ್ಪತ್ರೆಗಳಲ್ಲೂ ರಬಕವಿ-ಬನಹಟ್ಟಿಯಲ್ಲೂ ವಾರದ ಗೊತ್ತಾದ ದಿನ ದೃಷ್ಟಿ ಪರೀಕ್ಷೆ, ವಯಸ್ಸು ಕೇಳದೆ ಸಮೀಪದ ಚಷ್ಮಾ, ಗ್ಲುಕೋಮಾದವರಿಗೆ ತಿಂಗಳ ಹನಿ, ಕಟಾವಿನ ಕಾಲದಲ್ಲಿ ಶಿಲೀಂಧ್ರದ ಹನಿಯ ದಾಸ್ತಾನು ಇಡಬೇಕು. ಸುಳ್ಳು ಬಿಲ್ಲಿನ ಭಯವೂ ಇದಕ್ಕಿಲ್ಲ, ಏಕೆಂದರೆ ಇಲ್ಲಿ ಬಿಲ್ಲೇ ಇಲ್ಲ, ಕೈಗೆ ಬರುವುದು ವಸ್ತು. ಮತ ಕೇಳಲು ಬರುವವರು 5 ಲಕ್ಷದ ಕಾರ್ಡು ತೋರಿಸಿದಾಗ ನೇಕಾರರೂ ಕಬ್ಬಿನವರೂ ಈ ಪಟ್ಟಿಯನ್ನು ಅವರ ಮುಂದಿಡಲಿ.