ಕೀಲಿಮಣೆಯ ಕುಲಗೋತ್ರ

ನದೀಮೂಲ, ಋಷಿಮೂಲಗಳನ್ನು ಕೆದಕಬಾರದೆಂದು ಹಿರಿಯರು ಹೇಳಿದ್ದಾರೆ. ಪುಣ್ಯಕ್ಕೆ ಕೀಲಿಮಣೆಯ ಮೂಲದ ಮಾತನ್ನು ಅವರು ಎತ್ತಲಿಲ್ಲ. ಆದ್ದರಿಂದಲೇ, ಬಿಡುವಾದಾಗಲೆಲ್ಲ ಪೀಣ್ಯದ ಗುಜರಿ ಅಂಗಡಿಗಳಿಗೆ ಹೋಗಿ, ಧೂಳು ಹೊದ್ದು ಮಲಗಿರುವ ಹಳೆಯ ಗಣಕಯಂತ್ರದ ಕೀಲಿಮಣೆಗಳ ಕುಲಗೋತ್ರ ವಿಚಾರಿಸುವ ಹವ್ಯಾಸ ನನ್ನಲ್ಲಿ ನಿರಾತಂಕವಾಗಿ ಬೆಳೆದಿದೆ.

ಶಾಸನತಜ್ಞರ ವಿದ್ಯೆಗೂ ಇದಕ್ಕೂ ಹತ್ತಿರದ ನಂಟು. ಹಲ್ಮಿಡಿ ಶಾಸನದಲ್ಲಿ ಇಸವಿಯಿಲ್ಲ. ಲಿಪಿಯನ್ನೂ ಭಾಷೆಯನ್ನೂ ಪರೀಕ್ಷಿಸಿ ಅದು ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಎಣಿಸಿದರು. ಹೆಸರಿನ ಚೀಟಿ ಹರಿದುಹೋದ ಕೀಲಿಮಣೆಗೂ ಅದೇ ಮಾರ್ಗ. ‘ಎಫ್’ ಸಂಖ್ಯೆಯ ಗುಂಡಿಗಳು ಹತ್ತೇ ಇದ್ದು, ಎಡಮಗ್ಗುಲಲ್ಲಿ ಎರಡು ಸಾಲಾಗಿ ನಿಂತಿದ್ದರೆ ಅದು 1981ರ ಐಬಿಎಂ ಪದ್ಧತಿ; ಹನ್ನೆರಡಾಗಿ ನೆತ್ತಿಗೇರಿದ್ದರೆ 1985ರಲ್ಲಿ ಬಂದ 101 ಗುಂಡಿಗಳ ಸಂಪ್ರದಾಯ. ವಿಂಡೋಸ್ ಚಿಹ್ನೆಯ ಗುಂಡಿಯಿದ್ದರೆ 1994ಕ್ಕಿಂತ ಹಿಂದಿನದಲ್ಲ. ನಮ್ಮ ರೂಪಾಯಿಯ ಹೊಸ ಚಿಹ್ನೆ ಅಚ್ಚಾಗಿದ್ದರೆ 2010ಕ್ಕಿಂತ ಹಿಂದೆ ಹುಟ್ಟಿರಲಾರದು. ಹೊರಗಿನ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ಟಿವಿಎಸ್ ಗೋಲ್ಡ್ ನಮ್ಮ ದೇಶದ ಹೆಸರೇ; ಗುಂಡಿ ಕಿತ್ತು ನೋಡಿದರೆ ಒಳಗೆ ಚೆರಿ ಕಂಪನಿಯ ನೀಲಿ ಸ್ವಿಚ್ಚು!

ಇಷ್ಟರಿಂದ ತಿಳಿಯುವುದು ಹುಟ್ಟಿದ ಮನೆ ಮಾತ್ರ, ಬಾಳಿದ ಮನೆಯಲ್ಲ. ಈಚೆಗೆ ಸಿಕ್ಕಿದ ಒಂದು ಮಣೆಯ ಗುಂಡಿಗಳ ಮೇಲೆ ಯಾರೋ ಕನ್ನಡ ಅಕ್ಷರಗಳ ಚೀಟಿಗಳನ್ನು ಅಂಟಿಸಿದ್ದರು. ‘ಎಚ್’ ಮೇಲೆ ‘ಹ’ ಇತ್ತು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವಾಗಿದ್ದರೆ ಅಲ್ಲಿ ‘ಪ’ ಇರಬೇಕಿತ್ತು. ಇದು ಕೆ.ಪಿ. ರಾವ್ ಅವರ ಕ್ರಮ: ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಗುಂಡಿಯಲ್ಲೇ ಕನ್ನಡ ಅಕ್ಷರ, ಒತ್ತಿಗೆ ‘ಎಫ್’. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ನಾಡಿನ ಕಚೇರಿಗಳಿಗೆ ಒಯ್ದದ್ದೂ ಇದನ್ನೇ. ಎಲ್ಲ ಚೀಟಿಗಳಿಗಿಂತ ‘ಎಫ್’ನದೇ ಹೆಚ್ಚು ಸವೆದಿತ್ತು. ಸೋಜಿಗವೇನು? ‘ಅಮ್ಮ’ ಎನ್ನಲೂ ‘ಅಪ್ಪ’ ಎನ್ನಲೂ, ಕಡೆಗೆ ‘ಕನ್ನಡ’ ಎನ್ನಲೂ ಆ ಗುಂಡಿಯೇ ಬೇಕು.

“ಅದರಲ್ಲಿ ಏನ್ ಸಾರ್ ಅಷ್ಟೊಂದು ನೋಡ್ತೀರಿ? ಪ್ಲಾಸ್ಟಿಕ್ ಒಂದು ಕಡೆ, ವೈರು ಒಂದು ಕಡೆ, ಅಷ್ಟೇ” ಎಂದ ಅಂಗಡಿಯವನು. ಅವನ ವರ್ಗೀಕರಣದಲ್ಲಿ ಅಕ್ಷರಕ್ಕೆ ಪ್ರತ್ಯೇಕ ಗುಡ್ಡೆಯಿರಲಿಲ್ಲ. ತೂಕದ ಬೆಲೆ ಕೊಟ್ಟು ಮಣೆಯನ್ನು ತಂದೆ.

ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿ ಸವೆದ ಕಥೆಗಳು ನಮ್ಮಲ್ಲಿ ಕಡಮೆಯಿಲ್ಲ. ಕೀಲಿಮಣೆ ಮಾಡಿದ ಕಂಪನಿಯ ಹೆಸರು ಎಲ್ಲಾದರೂ ಉಳಿದೀತು. ಅದರ ಮೇಲೆ ಕನ್ನಡ ಬರೆದ ಕೈಗೆ ಈ ಚೀಟಿಗಳೇ ಸಾಕ್ಷಿ. ಓದುಗರೇ, ನಿಮ್ಮ ಅಟ್ಟದ ಮೇಲಿನದನ್ನು ತಕ್ಕಡಿಗೆ ಹಾಕುವ ಮುನ್ನ, ಅದರಲ್ಲಿ ಯಾವ ಗುಂಡಿ ಸವೆದಿದೆಯೆಂದು ದಯವಿಟ್ಟು ಒಮ್ಮೆ ನೋಡಿ.