ಕಡ್ಡಿ ಹಿಡಿದವನ ಲಾಸ್ಟ್ ಬೆಂಚ್

ಇಂಟರ್ನಲ್ಸ್ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ನಾವು ನಾಲ್ವರು 1990ರ ರೋಮ್ ಕಛೇರಿಯ ವಿಡಿಯೋ ನೋಡ್ತಾ ಕೂತಿದ್ವಿ. ಪವರೊಟ್ಟಿ, ಡೊಮಿಂಗೊ, ಕರೇರಾಸ್ ಹಾಡ್ತಾರೆ. ಎದುರಿಗೆ ಜುಬಿನ್ ಮೆಹ್ತಾ, ಕೈಯಲ್ಲಿ ಬರೀ ಒಂದು ಕಡ್ಡಿ. "ಇವರದ್ದು ಮಾತ್ರ ಸದ್ದೇ ಇಲ್ವಲ್ಲೋ!" ಅಂತ ನಕ್ಕೆವು.

ಆಮೇಲೆ ಹುಡುಕಿ ಓದಿದೆವು. ಮೆಡಿಕಲ್‌ಗೆಂದು ಓದುತ್ತಿದ್ದ ಮುಂಬೈ ಹುಡುಗ, ಅದನ್ನು ಬಿಟ್ಟು 1954ರಲ್ಲಿ ವಿಯೆನ್ನಾಕ್ಕೆ ಹೊರಟ. ವಯಸ್ಸು 18. ಅಲ್ಲಿ ಹ್ಯಾನ್ಸ್ ಸ್ವರೋವ್ಸ್ಕಿ ಹತ್ರ ಕಂಡಕ್ಟಿಂಗ್ ಕಲಿತ, ಜೊತೆಗೆ ಡಬಲ್ ಬೇಸ್ ಕೂಡ. ವಾದ್ಯವೃಂದದ ಲಾಸ್ಟ್ ಬೆಂಚ್ ಅಂದ್ರೆ ಅದೇ! 1962ರಿಂದ ಲಾಸ್ ಏಂಜಲೀಸ್, 1978ರಿಂದ ನ್ಯೂಯಾರ್ಕ್, ಮುಂದೆ ಮ್ಯೂನಿಕ್‌ನ ಒಪೆರಾ.

ನಗು ನಿಂತಿತ್ತು. ನಮ್ಮಲ್ಲೊಬ್ಬನ ಕೊಳಲು ಫಸ್ಟ್ ಇಯರ್‌ನಿಂದಲೂ ಟ್ರಂಕಿನ ತಳದಲ್ಲಿತ್ತು. ಅಪ್ಪನಿಗೆ ಈಗ್ಲೇ ಫೋನ್ ಮಾಡ್ತೀನಿ ಅಂದ. "ಬೆಳಿಗ್ಗೆ ಮಾಡೋ ಮಾರಾಯ" ಅಂದೆವು.

ಇನ್ನೂ ಮಾಡಿಲ್ಲ. ಕೊಳಲು ಮಾತ್ರ ಈಗ ಮೇಜಿನ ಮೇಲಿದೆ.