ಜೀಪ್ ಶೆಡ್ ಕಥೆ, ಭಾಗ 4: ಹೀಟರ್

ಫೋಟೋ ನೋಡಿದ್ರಾ? ಎಕ್ಸ್‌ಟೆನ್ಶನ್ ಬಾಕ್ಸ್ ಮೇಲಿರೋ ಆ ಕಂದು ಕಲೆ ನನ್ನ ಸಾಧನೆ.

ಹೊಸಬರಿಗೆ: ನಮ್ಮದು ಮಡಿಕೇರಿ. ಅಪ್ಪ ಜೀಪ್ ಮಾರಿದ ಮೇಲೆ ಖಾಲಿ ಬಿದ್ದಿದ್ದ ಶೆಡ್ಡೇ ಈಗ ಅಕ್ಕನ ಆಫೀಸು. ಬೆಂಗಳೂರು ಕಂಪನಿ, ರಾತ್ರಿ ಪಾಳಿ. ಮೇಲೆ ಶೀಟು, ಮುಂದೆ ರೋಲಿಂಗ್ ಶಟರ್, ಕೆಳಗೆ ಬರೀ ಸಿಮೆಂಟು. ಜುಲೈ ಮಳೆ ಹಿಡೀತು ಅಂದ್ರೆ ಶಟರ್ ಸಂದಿಯಿಂದ ಮಂಜು ಒಳಗೇ ಬರುತ್ತೆ. ಅಕ್ಕ ಬೆರಳು ಊದಿಕೊಂಡು ಊದಿಕೊಂಡು ಟೈಪ್ ಮಾಡ್ತಿದ್ಲು. ಅಜ್ಜಿ ಕೆಂಡ ಇಡೋಣ ಅಂದ್ರು. ಮುಚ್ಚಿದ ಕೋಣೇಲಿ ಕೆಂಡದ ಹೊಗೆ ಜೀವಾನೇ ತೆಗೆಯುತ್ತೆ, ಹಾಗಾಗಿ ಕರೆಂಟೇ ಗತಿ.

"ಬಿಕಾಂ ಓದ್ತೀಯಲ್ಲ, ಲೆಕ್ಕ ಹಾಕಿ ಒಂದು ಹೀಟರ್ ತಾ" ಅಂದ್ಲು. ನಾನು ಲೆಕ್ಕ ಹಾಕ್ಲಿಲ್ಲ. ಚಿಕ್ಕಪ್ಪನ ಮನೆಯಿಂದ 2000 ವ್ಯಾಟ್ ಫ್ಯಾನ್ ಹೀಟರ್ ತಂದೆ. ದಪ್ಪ ಪಿನ್ನು ಬಾಕ್ಸಿಗೆ ಹೋಗ್ಲಿಲ್ಲ, ಕನ್ವರ್ಷನ್ ಪ್ಲಗ್ ಹಾಕಿ ತುರುಕಿದೆ. ಅಕ್ಕ ಹೆಡ್‌ಫೋನ್ ಹಾಕ್ಕೊಂಡು ಕಾಲ್‌ನಲ್ಲಿದ್ಲು. ಟೀ ಕೊಡೋಕೆ ಹೋದ ಅಮ್ಮನಿಗೆ ಸುಟ್ಟ ವಾಸನೆ ಬಂತು, ಓಡಿ ಹೋಗಿ ಮೈನ್ ಆಫ್ ಮಾಡಿದ್ರು. ಅಮ್ಮ ಅವತ್ತು ಟೀ ಮಾಡದೇ ಇದ್ದಿದ್ರೆ?

ಲೆಕ್ಕ ಆಮೇಲೆ ಹಾಕಿದೆ. 2000ನ್ನ 230 ವೋಲ್ಟ್‌ನಿಂದ ಭಾಗಿಸಿ, ಹತ್ತಿರ ಹತ್ತಿರ 9 ಆಂಪಿಯರ್. ನಮ್ಮ ಬಾಕ್ಸ್ 6 ಆಂಪಿಯರ್‌ದು. ಆ ದಪ್ಪ ಪಿನ್ನು ಇರೋದೇ ನನ್ನಂಥವರನ್ನ ತಡೆಯೋಕೆ ಗುರು!

ಇನ್ನು ಬಿಲ್ಲು. ಅದು ಇಡೀ ಪಾಳಿ ಉರಿದ್ರೆ ದಿನಕ್ಕೆ 16 ಯೂನಿಟ್, 22 ದಿನಕ್ಕೆ 352. ನಮ್ಮ ಮನೆದು ಮಾಮೂಲಿ 110. ಗೃಹಜ್ಯೋತಿಯಲ್ಲಿ 200 ದಾಟಿದ್ರೆ ಹೆಚ್ಚಾದಷ್ಟಕ್ಕೆ ಮಾತ್ರ ಅಲ್ಲ, ಇಡೀ ಬಿಲ್ ನಾವೇ ಕಟ್ಟಬೇಕು. ಮಾರ್ಜಿನಲ್ ಕಾಸ್ಟ್ ಅಂತ ಪರೀಕ್ಷೇಲಿ ಐದು ಮಾರ್ಕ್ಸಿಗೆ ಬರೆದಿದ್ದೆ, ಅರ್ಥ ಆಗಿದ್ದು ಶೆಡ್ಡಲ್ಲಿ.

ಅಂಗಡಿಯವರು ಆಯಿಲ್ ಹೀಟರ್ ತಗೊಳ್ಳಿ, ಕರೆಂಟ್ ಉಳಿಯುತ್ತೆ ಅಂದ್ರು. ನಂಬಬೇಡಿ. ಆಯಿಲ್, ಫ್ಯಾನ್, ರಾಡ್ ಯಾವುದೇ ಆಗ್ಲಿ, ಒಂದು ಯೂನಿಟ್ಟಿಗೆ ಕೊಡೋ ಶಾಖ ಒಂದೇ. ಬಿಸಿ-ತಂಪು ಎರಡೂ ಕೊಡೋ ಏಸಿ ಮಾತ್ರ ಹೊರಗಿನ ಗಾಳಿಯ ಶಾಖಾನೂ ಎಳ್ಕೊಂಡು ಜಾಸ್ತಿ ಕೊಡುತ್ತೆ. ಅದರ ರೇಟ್ ಕೇಳಿ ಅಪ್ಪ ನಕ್ಕರು. ನಾವು ಕೇಳ್ಕೋಬೇಕಿದ್ದದ್ದು, ಬಿಸಿ ಮಾಡಬೇಕಿರೋದು ಶೆಡ್ಡನ್ನಾ, ಅಕ್ಕನನ್ನಾ?

ರಾಡ್ ಹೀಟರ್ ಒಲೆ ಮುಂದೆ ಕೂತ ಹಾಗೆ, ಎದುರಿಗಿದ್ದವರಿಗೆ ನೇರ ಶಾಖ. ಎರಡು ರಾಡಿನದು ತಂದ್ವಿ, ಒಂದೇ ಹಚ್ಚೋದು, 400 ವ್ಯಾಟ್. ತಿಂಗಳಿಗೆ 70 ಯೂನಿಟ್, ಒಟ್ಟು 180. ಅದಕ್ಕೂ ಮೊದಲು ಶಟರ್‌ಗೆ ದಪ್ಪ ಟಾರ್ಪಾಲು, ಕಾಲಡಿಗೆ ನಾರಿನ ಮ್ಯಾಟು. ಎಲೆಕ್ಟ್ರಿಷಿಯನ್ ಅರ್ಥಿಂಗ್ ಸಮೇತ ಬೇರೆ ಲೈನ್ ಎಳೆದ್ರು. ಹೀಟರ್ ಟಾರ್ಪಾಲಿಂದ, ಬಟ್ಟೆಯಿಂದ ಮೂರಡಿ ದೂರ.

ಅಕ್ಕ ಈಗ ಬೆರಳು ಊದಿಕೊಳ್ಳಲ್ಲ. ಅಮ್ಮ ಮಾತ್ರ ಇವತ್ತಿಗೂ ರಾತ್ರಿ ಒಂದು ಗಂಟೆಗೆ ಎದ್ದು ಹೋಗಿ, ಮೂಸಿ ನೋಡಿ ಬರ್ತಾರೆ. ಬೇಡಮ್ಮ ಅನ್ನೋಕೆ ನನಗೆ ಮುಖ ಇಲ್ಲ.